ಜಿಡ್ಡಿನ ನಮೂನೆ, ಜಾರುವ ಪೀಕ್: ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಏರಿಯಾ ಏರುಪೇರಿನ ಮೂಲ ಹುಡುಕುವ ಬಗೆ

ತುಪ್ಪ, ಕಡಲೆಕಾಯಿ ಎಣ್ಣೆ, ವನಸ್ಪತಿ, ಕರಿದ ತಿಂಡಿಯಿಂದ ಬೇರ್ಪಡಿಸಿದ ಕೊಬ್ಬು ಮುಂತಾದವುಗಳನ್ನು ದಿನವೂ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ (ನಮೂನೆಯನ್ನು ಆವಿ ಮಾಡಿ ಅದರ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಒಂದು ದೂರು ಸಾಮಾನ್ಯ. ಬೆಳಿಗ್ಗೆ ಹಾಕಿದ ಸ್ಟ್ಯಾಂಡರ್ಡ್‌ಗೆ (ಪ್ರಮಾಣ ಗೊತ್ತಿರುವ ದ್ರಾವಣ) ಬಂದ ಪೀಕ್ ಏರಿಯಾ, ಅಂದರೆ ಘಟಕದ ಪ್ರಮಾಣ ಸೂಚಿಸುವ ಪೀಕ್‌ನ ಕೆಳಗಿನ ವಿಸ್ತೀರ್ಣ, ಸಂಜೆಗೆ ಬರುವುದಿಲ್ಲ, ವಾರದ ಕೊನೆಗಂತೂ ಅದು ಇನ್ನಷ್ಟು ಕುಗ್ಗಿರುತ್ತದೆ ಅಥವಾ ಕೆಲವೊಮ್ಮೆ ಕಾರಣವೇ ಇಲ್ಲದಂತೆ ಹಿಗ್ಗಿರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು: ಕೈಗೆ ಸಿಕ್ಕ ಬಿಡಿಭಾಗಗಳನ್ನೆಲ್ಲ ಒಂದೇ ಸಲ ಬದಲಾಯಿಸುವುದು, ಇಲ್ಲವೇ ಹೊಸದಾಗಿ ಕ್ಯಾಲಿಬ್ರೇಶನ್ ಮಾಡಿ ಮುಂದುವರಿಯುವುದು. ಮೊದಲನೆಯದರಿಂದ ತೊಂದರೆ ತಾತ್ಕಾಲಿಕವಾಗಿ ಹೋದರೂ ಯಾವ ಭಾಗದಿಂದ ಬಂದಿತ್ತೆಂಬುದು ತಿಳಿಯದೆ ಉಳಿಯುತ್ತದೆ. ಎರಡನೆಯದರಿಂದ ತೊಂದರೆ ಹಾಗೇ ಇದ್ದು, ಕಣ್ಣಿಗೆ ಬೀಳುವುದು ಮಾತ್ರ ನಿಲ್ಲುತ್ತದೆ. ಏರಿಯಾ ಜಾರುವುದಕ್ಕೆ ಒಂದು ದಿಕ್ಕು, ಒಂದು ಆಕಾರ ಇರುತ್ತದೆ. ಯಾವ ಪೀಕ್ ಯಾವುದರ ಜೊತೆಗೆ ಜಾರಿತು ಎಂಬುದನ್ನು ಮೊದಲು ಓದಿಕೊಂಡರೆ, ಸ್ಪ್ಯಾನರ್ ಹಿಡಿಯುವ ಮುನ್ನವೇ ಅರ್ಧ ಕೆಲಸ ಮುಗಿದಿರುತ್ತದೆ.

ಇಲ್ಲಿ ಮುಖ್ಯವಾಗಿ ಕೊಬ್ಬಿನಾಮ್ಲಗಳ ಮೀಥೈಲ್ ಎಸ್ಟರ್‌ಗಳನ್ನು ಸ್ಪ್ಲಿಟ್ ವಿಧಾನದಲ್ಲಿ (ಆವಿಯ ಸ್ವಲ್ಪ ಪಾಲನ್ನು ಮಾತ್ರ ಕಾಲಮ್‌ಗೆ ಕಳಿಸಿ ಉಳಿದದ್ದನ್ನು ಹೊರಬಿಡುವ ಬಗೆ) ಇಂಜೆಕ್ಟ್ ಮಾಡಿ, ಘಟಕಗಳನ್ನು ಬೇರ್ಪಡಿಸುವ ಉದ್ದನೆಯ ಸಯನೋಪ್ರೊಪೈಲ್ ಲೇಪದ ಕಾಲಮ್ ಮತ್ತು ಅವನ್ನು ಉರಿಯಲ್ಲಿ ಸುಟ್ಟು ಅಳೆಯುವ ಫ್ಲೇಮ್ ಅಯೊನೈಸೇಶನ್ ಡಿಟೆಕ್ಟರ್ ಬಳಸಿ ಅಳೆಯುವ ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಣ್ಣೆಯಲ್ಲಿನ ಕೀಟನಾಶಕಗಳ ಉಳಿಕೆ ಹುಡುಕುವವರಿಗೆ ಕೆಲವು ಸಂಗತಿಗಳು ತಿರುವುಮುರುವಾಗುತ್ತವೆ, ಅದನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ. ಅನಿಲ–ದ್ರವ ಕ್ರೊಮ್ಯಾಟೋಗ್ರಫಿ ಹುಟ್ಟಿದ್ದೇ ಕೊಬ್ಬಿನಾಮ್ಲಗಳ ಬೆನ್ನು ಹತ್ತಿ: 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಮೊದಲ ಪ್ರಯೋಗದಲ್ಲಿ ಬೇರ್ಪಡಿಸಿದ್ದು ಫಾರ್ಮಿಕ್ ಆಮ್ಲದಿಂದ ಡೋಡೆಕನೋಯಿಕ್ ಆಮ್ಲದವರೆಗಿನ ಆವಿಯಾಗಬಲ್ಲ ಆಮ್ಲಗಳನ್ನು, ಅಳೆದದ್ದು ಟೈಟ್ರೇಶನ್‌ನಿಂದ. ಆವಿಯಾಗಬಲ್ಲ ಎಂಬ ಮಾತಿನಲ್ಲೇ ನಮ್ಮ ಸಮಸ್ಯೆಯ ಬೇರಿದೆ. ಮೀಥೈಲ್ ಪಾಮಿಟೇಟ್‌ನ ಅಣುತೂಕ 270. ಅದು 250 ಡಿಗ್ರಿ ಸೆಲ್ಸಿಯಸ್‌ನ ಇನ್ಲೆಟ್‌ನಲ್ಲಿ (ನಮೂನೆ ಆವಿಯಾಗುವ ಬಿಸಿ ಪ್ರವೇಶದ್ವಾರ) ಸಲೀಸಾಗಿ ಆವಿಯಾಗಿ ಕಾಲಮ್ ಸೇರುತ್ತದೆ. ಎಸ್ಟರ್ ಆಗದೆ ಉಳಿದ ಟ್ರೈಪಾಮಿಟಿನ್‌ನ ಅಣುತೂಕ 807. ಅದು ಅದೇ ಇನ್ಲೆಟ್‌ನಲ್ಲಿ ಬಾಣಲೆಯ ತಳದ ಕರಕಲಿನಂತೆ ಕೂರುತ್ತದೆ, ನಿಧಾನವಾಗಿ ಒಡೆಯುತ್ತದೆ, ಮುಂದೆ ಬರುವ ಪ್ರತಿ ಇಂಜೆಕ್ಷನ್‌ಗೂ ಅಡ್ಡ ಬರುತ್ತದೆ.

ಮೊದಲು ದಾಖಲೆ, ಆಮೇಲೆ ಉಪಕರಣ

ಏನನ್ನೂ ಬಿಚ್ಚುವ ಮುನ್ನ ಹಿಂದಿನ ಎರಡು ಮೂರು ವಾರಗಳ ಸ್ಟ್ಯಾಂಡರ್ಡ್ ಇಂಜೆಕ್ಷನ್‌ಗಳ ಏರಿಯಾಗಳನ್ನು ತೆಗೆದು, ಇಂಜೆಕ್ಷನ್ ಸಂಖ್ಯೆಯನ್ನು ಅಡ್ಡಗೆರೆಗೂ ಏರಿಯಾವನ್ನು ನಿಲುವುಗೆರೆಗೂ ಹಾಕಿ ಒಂದು ನಕ್ಷೆ ಮಾಡಿಕೊಳ್ಳಿ. ಒಂದೇ ಪೀಕ್ ಸಾಲದು. ಕನಿಷ್ಠ ಒಂದು ಹಗುರ ಎಸ್ಟರ್, ಒಂದು ಮಧ್ಯಮ, ಒಂದು ಭಾರದ್ದು ಬೇಕು, ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆಂದು ನಮೂನೆಗೇ ಗೊತ್ತಿರುವ ಪ್ರಮಾಣದಲ್ಲಿ ಸೇರಿಸುವ ವಸ್ತು) ಇದ್ದರೆ ಅದೂ ಬೇಕು. ಸೆಪ್ಟಮ್ (ಸೂಜಿ ಚುಚ್ಚುವ ಇನ್ಲೆಟ್‌ನ ರಬ್ಬರ್ ಮುಚ್ಚಳ), ಲೈನರ್ (ಇನ್ಲೆಟ್‌ನೊಳಗಿನ ಗಾಜಿನ ಕೊಳವೆ), ಅನಿಲದ ಸಿಲಿಂಡರ್ ಬದಲಾಯಿಸಿದ ದಿನಗಳನ್ನು ಅದೇ ನಕ್ಷೆಯ ಮೇಲೆ ಗುರುತಿಸಿ. ಲೈನರ್ ಬದಲಾಯಿಸಿದ ದಿನವೇ ಏರಿಯಾ ಜಿಗಿದು ಮತ್ತೆ ಇಳಿಯುವ ಗರಗಸದ ಹಲ್ಲಿನಂಥ ಆಕಾರ ಕಂಡರೆ ಉತ್ತರ ಅಲ್ಲೇ ಸಿಕ್ಕಿತು.

ಇನ್ನೊಂದು ಲೆಕ್ಕವೂ ಬೇಕು. ಒಂದೇ ವಯಲ್‌ನಿಂದ ಶುದ್ಧ ಸ್ಟ್ಯಾಂಡರ್ಡ್ ಅನ್ನು ಬೆನ್ನುಬೆನ್ನಿಗೆ ಆರು ಸಲ ಇಂಜೆಕ್ಟ್ ಮಾಡಿ ಸಾಪೇಕ್ಷ ಪ್ರಮಾಣ ವಿಚಲನೆ (ಸರಾಸರಿಯ ಶೇಕಡಾವಾರು ಲೆಕ್ಕದಲ್ಲಿ ಏರಿಯಾಗಳ ಹರಡು) ನೋಡಿ. ಆಟೋಸ್ಯಾಂಪ್ಲರ್ (ತಾನೇ ಇಂಜೆಕ್ಟ್ ಮಾಡುವ ಯಂತ್ರ) ಇರುವ ಸುಸ್ಥಿತಿಯ ಉಪಕರಣದಲ್ಲಿ ಇದು ಶೇಕಡಾ 2ರ ಒಳಗೆ ಇರಬೇಕು. ಆರು ಇಂಜೆಕ್ಷನ್‌ಗಳು ಮೇಲೆ ಕೆಳಗೆ ಕುಣಿಯುತ್ತಿದ್ದರೆ ಅದು ಜಾರುವಿಕೆಯಲ್ಲ, ಚಂಚಲತೆ. ಆಗ ಸಿರಿಂಜ್, ಗುಳ್ಳೆ, ಸೋರಿಕೆಗಳನ್ನು ಮೊದಲು ನೋಡಬೇಕು. ಆರೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಮಾತ್ರ ಅದು ಜಾರುವಿಕೆ, ಮತ್ತು ಈ ಲೇಖನದ ವಿಷಯ.

ಮುಂದೆ ಹೋಗುವ ಮುನ್ನ ಮೊದಲ ಮತ್ತು ಕೊನೆಯ ಕ್ರೊಮ್ಯಾಟೋಗ್ರಾಮ್‌ಗಳನ್ನು ಒಂದರ ಮೇಲೊಂದಿಟ್ಟು, ಬೇಸ್‌ಲೈನ್ (ಪೀಕ್‌ಗಳ ತಳದ ಗೆರೆ) ಕಾಣುವಷ್ಟು ಹಿಗ್ಗಿಸಿ ನೋಡಿ. ಲೈನರ್‌ನಲ್ಲಿ ಕೂತ ಕೊಬ್ಬು ಒಡೆಯುತ್ತಾ ಹೋದಂತೆ ಬೇಸ್‌ಲೈನ್ ಉಬ್ಬುತ್ತದೆ. ಆ ಉಬ್ಬಿನ ಮೇಲೆ ಸಾಫ್ಟ್‌ವೇರ್ ಗೆರೆ ಎಳೆಯುವ ಜಾಗ ಬದಲಾಗಿ, ಡಿಟೆಕ್ಟರ್‌ಗೆ ಅಷ್ಟೇ ವಸ್ತು ತಲುಪಿದ್ದರೂ ಏರಿಯಾ ಬೇರೆಯಾಗುತ್ತದೆ. ಪೀಕ್‌ನ ಎತ್ತರ ಅಷ್ಟೇ ಇದ್ದು ಏರಿಯಾ ಮಾತ್ರ ಬದಲಾಗಿದ್ದರೆ ಒಂದೋ ಇಂಟಿಗ್ರೇಶನ್, ಇಲ್ಲವೇ ಪೀಕ್ ಅಗಲವಾಗಿದೆ. ಎರಡನ್ನೂ ಕಣ್ಣಿನಿಂದಲೇ ಬೇರ್ಪಡಿಸಬಹುದು.

ಯಾವುದು ಯಾರ ಜೊತೆ ಇಳಿಯಿತು?

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಎಸ್ಟರ್ ಮಿಶ್ರಣದ ಸ್ಟ್ಯಾಂಡರ್ಡ್‌ಗೆ ಮೊದಲ ದಿನ ಬಂದ ಏರಿಯಾಗಳನ್ನು 100 ಎಂದು ಇಟ್ಟುಕೊಂಡರೆ, 60 ತುಪ್ಪದ ನಮೂನೆಗಳ ನಂತರ ಮೀಥೈಲ್ ಹೆಕ್ಸನೋಯೇಟ್ 99, ಪಾಮಿಟೇಟ್ 95, ಸ್ಟಿಯರೇಟ್ 93, ಬಿಹೆನೇಟ್ 86, ಲಿಗ್ನೊಸೆರೇಟ್ 81 ಬಂದಿವೆ. ಇಂಗಾಲದ ಸಂಖ್ಯೆ ಏರಿದಂತೆ ಇಳಿತವೂ ಏರಿದೆ. ಇಲ್ಲಿ ಹಗುರವಾದ ಹೆಕ್ಸನೋಯೇಟ್ ಒಳ್ಳೆಯ ಸಾಕ್ಷಿ: ಸಿರಿಂಜ್ ಕಡಿಮೆ ಎಳೆದಿದ್ದರೆ ಅದೂ ಕಡಿಮೆಯಾಗಬೇಕಿತ್ತು, ಡಿಟೆಕ್ಟರ್‌ನ ಉರಿ ಸೊರಗಿದ್ದರೆ ಅದೂ ಸೊರಗಬೇಕಿತ್ತು. ಅದು ನೆಟ್ಟಗಿದೆ ಎಂದರೆ ಸಿರಿಂಜ್ ಮತ್ತು ಡಿಟೆಕ್ಟರ್ ಎರಡೂ ನಿರ್ದೋಷಿಗಳು. ತಪ್ಪು ಇನ್ಲೆಟ್‌ನಲ್ಲಿದೆ ಅಥವಾ ಕಾಲಮ್‌ನ ತಲೆಯಲ್ಲಿದೆ.

ಎಲ್ಲ ಪೀಕ್‌ಗಳೂ ಇಂಟರ್ನಲ್ ಸ್ಟ್ಯಾಂಡರ್ಡ್ ಸಮೇತ ಒಂದೇ ಪ್ರಮಾಣದಲ್ಲಿ ಇಳಿದು, ಪೀಕ್ ಬರುವ ಸಮಯ ಕದಲದೆ ಇದ್ದರೆ ಸಿರಿಂಜ್, ಸ್ಪ್ಲಿಟ್ ಅನುಪಾತ ಅಥವಾ ಡಿಟೆಕ್ಟರ್ ಕಡೆಗೆ ತಿರುಗಿ. ಸಮಯವೂ ಜೊತೆಗೆ ಸರಿದಿದ್ದರೆ ಸೋರಿಕೆ, ಒತ್ತಡ, ಕಾಲಮ್ ಹರಿವು ಮೊದಲ ಸಂಶಯ. ಬ್ಯುಟಿರೇಟ್, ಹೆಕ್ಸನೋಯೇಟ್‌ನಂಥ ಹಗುರದವು ಮಾತ್ರ ಕಡಿಮೆಯಾಗಿದ್ದರೆ ಉಪಕರಣವನ್ನು ಬಿಟ್ಟು ಮೇಜಿನ ಕಡೆ ನೋಡಿ: ಮೀಥೈಲ್ ಬ್ಯುಟಿರೇಟ್ ಕುದಿಯುವುದು ಸುಮಾರು 102 ಡಿಗ್ರಿಯಲ್ಲಿ, ಹೆಕ್ಸೇನ್ 69 ಡಿಗ್ರಿಯಲ್ಲಿ, ದ್ರಾವಕವನ್ನು ನೈಟ್ರೋಜನ್ ಊದಿ ಇಂಗಿಸಿದರೆ ಬ್ಯುಟಿರೇಟ್ ಕೂಡ ಅದರ ಹಿಂದೆಯೇ ಹೊರಡುತ್ತದೆ. ತುಪ್ಪದ ಎಸ್ಟರ್‌ಗಳನ್ನು ಯಾವ ಕಾರಣಕ್ಕೂ ಒಣಗಿಸಿ ಮತ್ತೆ ಕರಗಿಸಬಾರದು. ಎಲ್ಲ ಪೀಕ್‌ಗಳೂ ಸರಣಿಯುದ್ದಕ್ಕೂ ಒಟ್ಟಿಗೆ ಏರುತ್ತಾ ಹೋದರೆ ವಯಲ್‌ನಿಂದ ದ್ರಾವಕ ಆರುತ್ತಿದೆ ಎಂಬುದು ಮೊದಲ ಸಂಶಯ. ಒಂದೆರಡು ಸಲ ಚುಚ್ಚಿದ ಮುಚ್ಚಳದಿಂದ ಬೇಸಿಗೆಯ ಮಧ್ಯಾಹ್ನ ಹೆಕ್ಸೇನ್ ಹೊರಗೆ ಹೋಗುವುದು ತೀರಾ ಸಾಮಾನ್ಯ. ಇಂಟರ್ನಲ್ ಸ್ಟ್ಯಾಂಡರ್ಡ್ ಕೂಡ ಅದೇ ಪ್ರಮಾಣದಲ್ಲಿ ಏರುವುದರಿಂದ ಫಲಿತಾಂಶದಲ್ಲಿ ಇದು ಗೊತ್ತಾಗದೆ ದಾಟಿಹೋಗುತ್ತದೆ.

ಇಂಟರ್ನಲ್ ಸ್ಟ್ಯಾಂಡರ್ಡ್ ಬಗ್ಗೆ ಎರಡು ಮಾತು ಬಿಡಿಸಿ ಹೇಳಬೇಕು. ಸಸ್ಯತೈಲಗಳಿಗೆ ಮೀಥೈಲ್ ಹೆಪ್ಟಡೆಕನೋಯೇಟ್, ಅಂದರೆ 17 ಇಂಗಾಲದ ಆಮ್ಲದ ಎಸ್ಟರ್, ಬಳಸುವುದು ರೂಢಿ. ಹಾಲಿನ ಕೊಬ್ಬಿನಲ್ಲಿ 15 ಮತ್ತು 17 ಇಂಗಾಲದ ಬೆಸಸಂಖ್ಯೆಯ ಆಮ್ಲಗಳು ಸಹಜವಾಗಿಯೇ ಸ್ವಲ್ಪ ಇರುವುದರಿಂದ ತುಪ್ಪಕ್ಕೆ ಅದು ಹೊಂದುವುದಿಲ್ಲ. ಆಹಾರದ ಕೊಬ್ಬಿಗಾಗಿ ಇರುವ ಎಒಎಸಿ (ವಿಶ್ಲೇಷಣಾ ವಿಧಾನಗಳನ್ನು ಪ್ರಕಟಿಸುವ ಸಂಸ್ಥೆ) 996.06 ವಿಧಾನ 11 ಇಂಗಾಲದ ಟ್ರೈಅಂಡೆಕನೋಯಿನ್ ಬಳಸುತ್ತದೆ. ಅದು ಟ್ರೈಗ್ಲಿಸರೈಡ್ ಆಗಿರುವುದರಿಂದ ನಮೂನೆಯ ಜೊತೆಗೇ ಎಸ್ಟರ್ ಆಗುತ್ತದೆ, ಎಸ್ಟರೀಕರಣ ಅರೆಬರೆಯಾದರೆ ಅದರ ಏರಿಯಾವೂ ಕುಗ್ಗಿ ಸುಳಿವು ಕೊಡುತ್ತದೆ. ಎರಡನೆಯ ಮಾತು ಇನ್ನೂ ಮುಖ್ಯ: 11 ಇಂಗಾಲದ ಹಗುರ ಎಸ್ಟರ್, 24 ಇಂಗಾಲದ ಭಾರದ ಎಸ್ಟರ್‌ಗೆ ಇನ್ಲೆಟ್‌ನಲ್ಲಿ ಆಗುವ ನಷ್ಟವನ್ನು ಸರಿದೂಗಿಸಲಾರದು. ಅನುಪಾತ ಸರಿಯಾಗಿದೆ ಎಂದು ನಿಶ್ಚಿಂತರಾಗುವ ಬದಲು ಇಂಟರ್ನಲ್ ಸ್ಟ್ಯಾಂಡರ್ಡ್‌ನ ಬಿಡಿ ಏರಿಯಾವನ್ನೂ ಪ್ರತಿ ಸರಣಿಯಲ್ಲಿ ಬರೆದಿಡಿ.

ಏರಿಯಾ ಶೇಕಡಾವಾರು ಲೆಕ್ಕದಲ್ಲಿ ಅಪಾಯ ಇನ್ನಷ್ಟು. ಅಲ್ಲಿ ಎಲ್ಲವನ್ನೂ ಕೂಡಿ 100 ಮಾಡುವುದರಿಂದ ಒಟ್ಟು ನಷ್ಟ ಕಾಣುವುದೇ ಇಲ್ಲ. ತುಪ್ಪವೊಂದರಲ್ಲಿ ಬ್ಯುಟಿರಿಕ್ ಪಾಲು ಶೇಕಡಾ 3.4 ಇದೆ, ಒಟ್ಟು ಏರಿಯಾದ ಶೇಕಡಾ 70ರಷ್ಟಿರುವ 16 ಮತ್ತು 18 ಇಂಗಾಲದ ಪೀಕ್‌ಗಳು ಮಲಿನ ಇನ್ಲೆಟ್‌ನಿಂದಾಗಿ ಶೇಕಡಾ 8ರಷ್ಟು ಕುಗ್ಗಿವೆ ಎಂದುಕೊಳ್ಳಿ. ಒಟ್ಟು 100ರಿಂದ 94.4ಕ್ಕೆ ಇಳಿಯುತ್ತದೆ, ಬ್ಯುಟಿರಿಕ್ ಪಾಲು 3.6 ಎಂದು ತೋರುತ್ತದೆ. ಸಸ್ಯಕೊಬ್ಬು ಬೆರೆಸಿದ ತುಪ್ಪದಲ್ಲಿ ಕಡಿಮೆಯಾಗಬೇಕಾದ ಗುರುತೇ ಬ್ಯುಟಿರಿಕ್. ಹೀಗಾಗಿ ಉಪಕರಣದ ಕೊಳೆ ಕಲಬೆರಕೆಯನ್ನು ಮುಚ್ಚಿಹಾಕುವ ದಿಕ್ಕಿಗೇ ಎಳೆಯುತ್ತದೆ. ಶೇಕಡಾವಾರು ಲೆಕ್ಕ ಮಾಡುವವರು ಒಟ್ಟು ಏರಿಯಾವನ್ನೂ ಕಡ್ಡಾಯವಾಗಿ ನೋಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಅಪರಾಧಿ ನಮೂನೆಯೇ ಎಂದು ಖಚಿತಪಡಿಸಿಕೊಳ್ಳುವ ಪರೀಕ್ಷೆ

ಅರ್ಧ ದಿನ ಹಿಡಿಯುವ ಒಂದು ಸಣ್ಣ ಸರಣಿ ಬಹಳಷ್ಟು ಊಹೆಗಳನ್ನು ಉಳಿಸುತ್ತದೆ. ಮೂರು ಸ್ಟ್ಯಾಂಡರ್ಡ್, ಐದು ಜಿಡ್ಡಿನ ನಮೂನೆ, ಮತ್ತೆ ಮೂರು ಸ್ಟ್ಯಾಂಡರ್ಡ್, ಎರಡು ಶುದ್ಧ ದ್ರಾವಕ, ಕೊನೆಗೆ ಮತ್ತೆ ಮೂರು ಸ್ಟ್ಯಾಂಡರ್ಡ್ ಹಾಕಿ. ಪ್ರತಿ ಸ್ಟ್ಯಾಂಡರ್ಡ್ ಗುಂಪಿಗೂ ಹೊಸ ಮುಚ್ಚಳದ ಹೊಸ ವಯಲ್ ಇರಲಿ. ಐದು ನಮೂನೆಗಳ ನಂತರ ಸ್ಟ್ಯಾಂಡರ್ಡ್ ಕುಸಿದು, ದ್ರಾವಕದ ನಂತರವೂ ಏಳದಿದ್ದರೆ ಕೊಬ್ಬು ಲೈನರ್‌ನಲ್ಲಿ ಅಥವಾ ಕಾಲಮ್‌ನಲ್ಲಿ ಕೂತಿದೆ. ದ್ರಾವಕದ ನಂತರ ಚೇತರಿಸಿಕೊಂಡರೆ ಜಿಡ್ಡು ಸಿರಿಂಜ್‌ನಲ್ಲಿ ಅಂಟುತ್ತಿತ್ತು ಎಂದು ನಂಬಬಹುದು. ದ್ರಾವಕದ ಕ್ರೊಮ್ಯಾಟೋಗ್ರಾಮ್‌ನಲ್ಲಿ ನಮೂನೆಯ ಪೀಕ್‌ಗಳ ನೆರಳು ಕಂಡರೆ ಆ ನಂಬಿಕೆ ಗಟ್ಟಿಯಾಗುತ್ತದೆ. ನಮೂನೆಗಳಿಲ್ಲದೆ ಬರೀ ಸ್ಟ್ಯಾಂಡರ್ಡ್ ಹಾಕಿದಾಗಲೂ ಅಷ್ಟೇ ಇಳಿತ ಬಂದರೆ ಜಿಡ್ಡಿನ ಮೇಲೆ ತಪ್ಪು ಹೊರಿಸುವುದನ್ನು ಬಿಟ್ಟು ಉಪಕರಣವನ್ನು ನೋಡಬೇಕು.

ಕೀಟನಾಶಕ ಪರೀಕ್ಷಿಸುವವರಿಗೆ ಇಲ್ಲಿ ಲೆಕ್ಕ ತಿರುವುಮುರುವು. ಹೊಸ ಲೈನರ್‌ನ ಗಾಜಿನ ಮೇಲಿನ ಸಕ್ರಿಯ ತಾಣಗಳು ಧ್ರುವೀಯ ಸಂಯುಕ್ತಗಳನ್ನು ಹಿಡಿದುಕೊಳ್ಳುತ್ತವೆ ಅಥವಾ ಒಡೆಯುತ್ತವೆ. ನಮೂನೆಯ ಜಿಡ್ಡು ಬಂದು ಆ ತಾಣಗಳನ್ನು ಮುಚ್ಚಿದಾಗ ಏರಿಯಾ ಏರುತ್ತದೆ, ಕೊಳೆ ಹೆಚ್ಚಾದ ಮೇಲೆ ಮತ್ತೆ ಇಳಿಯುತ್ತದೆ. ಮೊದಲು ಏರಿ ಆಮೇಲೆ ಇಳಿಯುವ ಈ ಗುಡ್ಡದ ಆಕಾರಕ್ಕೆ ಲೈನರ್ ಬದಲಾವಣೆಯೊಂದೇ ಮದ್ದಲ್ಲ. ಕೀಟನಾಶಕವಿಲ್ಲದ ಅದೇ ಬಗೆಯ ಎಣ್ಣೆಯ ಸಾರದಲ್ಲಿ ಸ್ಟ್ಯಾಂಡರ್ಡ್ ತಯಾರಿಸುವುದು, ಸರಣಿಯ ಆರಂಭದಲ್ಲಿ ಕೆಲವು ಸಾರದ ಇಂಜೆಕ್ಷನ್‌ಗಳಿಂದ ಇನ್ಲೆಟ್ ಅನ್ನು ಪಳಗಿಸುವುದು, ಅಥವಾ ಸಾರ್ಬಿಟಾಲ್, ಗುಲೊನೊಲ್ಯಾಕ್ಟೋನ್‌ನಂಥ ರಕ್ಷಕ ವಸ್ತುಗಳನ್ನು ಸ್ಟ್ಯಾಂಡರ್ಡ್‌ಗೂ ನಮೂನೆಗೂ ಸಮನಾಗಿ ಸೇರಿಸುವುದು ಅಲ್ಲಿನ ದಾರಿಗಳು.

ಸಿರಿಂಜ್ ಮತ್ತು ವಯಲ್

ಅಗ್ಗದಲ್ಲಿ ಮತ್ತು ಬೇಗನೆ ಪರೀಕ್ಷಿಸಬಹುದಾದದ್ದು ಇದೇ ಆದ್ದರಿಂದ ಇಲ್ಲಿಂದ ಶುರುಮಾಡಿ. ಸಿರಿಂಜ್ ತೆಗೆದು ಪ್ಲಂಜರ್ ಅನ್ನು ಕೈಯಿಂದ ಎಳೆದು ನೋಡಿ. ಎಲ್ಲಿಯಾದರೂ ತಡೆದರೆ ಅದನ್ನು ಬದಿಗಿಡಿ. ತೊಳೆಯುವ ಎರಡು ಸೀಸೆಗಳಲ್ಲೂ ಹೆಕ್ಸೇನ್ ತುಂಬುವ ಅಭ್ಯಾಸ ಹಲವೆಡೆ ಇದೆ. ಹೆಕ್ಸೇನ್ ಕೊಬ್ಬನ್ನು ಕರಗಿಸುತ್ತದೆ, ಸಾಬೂನನ್ನೂ ಗ್ಲಿಸರಾಲನ್ನೂ ಕರಗಿಸುವುದಿಲ್ಲ. ಒಂದರಲ್ಲಿ ಐಸೊಪ್ರೊಪನಾಲ್ ಅಥವಾ ಅಸಿಟೋನ್, ಇನ್ನೊಂದರಲ್ಲಿ ನಮೂನೆಯ ದ್ರಾವಕ ಇಟ್ಟು, ಇಂಜೆಕ್ಷನ್ ಆದ ಮೇಲೆ ಇದೇ ಕ್ರಮದಲ್ಲಿ ತೊಳೆಯುವಂತೆ ಮಾಡಿ. ಸಾರ ಮಂದವಾಗಿದ್ದರೆ ಸಿರಿಂಜ್ ನಿಧಾನವಾಗಿ ಎಳೆಯಲಿ, ಎಳೆದ ಮೇಲೆ ಒಂದೆರಡು ಸೆಕೆಂಡು ಕಾಯಲಿ, ಎಳೆಯುವ ಮುನ್ನ ನಾಲ್ಕೈದು ಸಲ ಮೇಲೆ ಕೆಳಗೆ ಆಡಲಿ. ಇಷ್ಟರಿಂದಲೇ ಗುಳ್ಳೆಗಳ ಕಾಟ ಬಹುಮಟ್ಟಿಗೆ ಹೋಗುತ್ತದೆ. ಆದರೆ ಬಿಸಿ ಇನ್ಲೆಟ್‌ಗೆ ಹಾಕುವಾಗ ವೇಗವಾಗಿಯೇ ಹಾಕಬೇಕು. ಸೂಜಿ ಒಳಗೇ ಉಳಿದರೆ ಹಗುರದವು ಸೂಜಿಯಿಂದ ಕುದಿದು ಹೊರಬಂದು ಭಾರದವು ಸೂಜಿಯಲ್ಲೇ ಹಿಂದುಳಿಯುತ್ತವೆ.

ಇನ್ಲೆಟ್: ಹೆಚ್ಚಿನ ಉತ್ತರಗಳು ಇಲ್ಲಿವೆ

ಇನ್ಲೆಟ್ ಮತ್ತು ಓವನ್ ಎರಡನ್ನೂ ತಣಿಸಿ, ಆಮೇಲೆ ಅನಿಲ ನಿಲ್ಲಿಸಿ, ಆಮೇಲೆ ಬಿಚ್ಚಬೇಕು. ಬಿಸಿಯಾದ ಕಾಲಮ್‌ಗೆ ಕ್ಯಾರಿಯರ್ (ಆವಿಯನ್ನು ಒಯ್ಯುವ ಅನಿಲ) ಇಲ್ಲದೆ ಗಾಳಿ ನುಗ್ಗಿದರೆ ಕಾಲಮ್ ಹಾಳಾಗುತ್ತದೆ. ಹೈಡ್ರೋಜನ್ ಕ್ಯಾರಿಯರ್ ಆಗಿದ್ದರೆ ಅಪಾಯ ಇನ್ನೂ ದೊಡ್ಡದು. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ, ಪ್ರತಿ ಬದಲಾವಣೆಯ ನಂತರ ಸ್ಟ್ಯಾಂಡರ್ಡ್ ಹಾಕಿ ನೋಡಿ. ತಾಳ್ಮೆ ಬೇಡುವ ಕೆಲಸ, ನಿಜ. ಆದರೆ ಮುಂದಿನ ಸಲ ಇದೇ ತೊಂದರೆ ಬಂದಾಗ ಹತ್ತು ನಿಮಿಷದಲ್ಲಿ ಮುಗಿಯುವುದು ಈ ತಾಳ್ಮೆಯ ಫಲ.

ಸೆಪ್ಟಮ್ ಅನ್ನು ಸುಮಾರು 100 ಇಂಜೆಕ್ಷನ್‌ಗೆ ಬದಲಾಯಿಸುವುದು ಒಳ್ಳೆಯ ಆರಂಭಿಕ ಮಿತಿ. ನಟ್ ಅನ್ನು ಬಿಗಿಯಾಗಿ ತಿರುಗಿಸಿದಷ್ಟೂ ಸೂಜಿ ಸೆಪ್ಟಮ್‌ನ ಚೂರುಗಳನ್ನು ಕಿತ್ತು ಲೈನರ್‌ಗೆ ಬೀಳಿಸುತ್ತದೆ, ಆ ಚೂರುಗಳು ಕೊಬ್ಬಿನೊಂದಿಗೆ ಸೇರಿ ಎಸ್ಟರ್‌ಗಳನ್ನು ಹಿಡಿದಿಡುತ್ತವೆ. ಲೈನರ್ ಅನ್ನು ಬೆಳಕಿಗೆ ಹಿಡಿದು ನೋಡಿ: ಕಂದು ಬಣ್ಣ, ಗ್ಲಾಸ್ ವೂಲ್ ಮೇಲೆ ಅಂಟಂಟಾದ ಪದರ, ಸೆಪ್ಟಮ್ ಚೂರು ಇವು ಕಾಣುತ್ತವೆ. ಎಷ್ಟು ಕೊಬ್ಬು ಸೇರಬಹುದೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಶುದ್ಧೀಕರಣ ಸಾಲದ ಎಣ್ಣೆಯ ಸಾರವೊಂದರಲ್ಲಿ ಪ್ರತಿ ಮಿಲಿಲೀಟರ್‌ಗೆ 50 ಮಿಲಿಗ್ರಾಂ ಕೊಬ್ಬು ಉಳಿದಿದ್ದರೆ, 1 ಮೈಕ್ರೋಲೀಟರ್‌ನ ಒಂದು ಇಂಜೆಕ್ಷನ್‌ನಲ್ಲಿ 50 ಮೈಕ್ರೋಗ್ರಾಂ, 100 ಇಂಜೆಕ್ಷನ್‌ಗೆ 5 ಮಿಲಿಗ್ರಾಂ ಕೊಬ್ಬು ಲೈನರ್‌ಗೆ ಬೀಳುತ್ತದೆ. ಬೆರಳಿನಷ್ಟೂ ದಪ್ಪವಿಲ್ಲದ ಗಾಜಿನ ಕೊಳವೆಗೆ ಅದು ಸಣ್ಣ ಹೊರೆಯಲ್ಲ.

ಲೈನರ್ ತೊಳೆದು ಮತ್ತೆ ಬಳಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ, ಅದಕ್ಕೆ ಕಾರಣವೂ ಇದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯವೊಂದರಲ್ಲಿ ಖರ್ಚು ಉಳಿಸಲೆಂದು ಲೈನರ್‌ಗಳನ್ನು ದ್ರಾವಕದಲ್ಲಿ ತೊಳೆದು, ಕೈಯಿಂದ ಗ್ಲಾಸ್ ವೂಲ್ ತುರುಕಿ ಮತ್ತೆ ಹಾಕುತ್ತಿದ್ದೆವು. ಪ್ರತಿ ಲೈನರ್ ಬದಲಾವಣೆಯ ನಂತರ ಭಾರದ ಎಸ್ಟರ್‌ಗಳ ಏರಿಯಾ ಬೇರೆಯೇ ಬರುತ್ತಿತ್ತು, ನಾವು ಕಾಲಮ್ ಅನ್ನು ದೂರುತ್ತಾ ಹೋದೆವು. ಕೊನೆಗೆ ಮೂರು ಲೈನರ್‌ಗಳನ್ನು ಸಾಲಾಗಿಟ್ಟು ನೋಡಿದಾಗ ಮೂರರಲ್ಲೂ ವೂಲ್ ಬೇರೆ ಬೇರೆ ಎತ್ತರದಲ್ಲಿ, ಬೇರೆ ಬೇರೆ ದಪ್ಪದಲ್ಲಿ ಇತ್ತು. ಸೂಜಿಯ ತುದಿ ಒಮ್ಮೆ ವೂಲ್‌ನ ಒಳಗೆ, ಒಮ್ಮೆ ಅದಕ್ಕಿಂತ ಬಹಳ ಮೇಲೆ ಖಾಲಿಯಾಗುತ್ತಿತ್ತು. ಅಲ್ಲದೆ ಕೈಯಿಂದ ಮುರಿದ ಎಳೆಗಳ ತುದಿಗಳು ಹೊಸ ಸಕ್ರಿಯ ತಾಣಗಳಾಗುತ್ತವೆ. ಜಿಡ್ಡಿನ ನಮೂನೆಗೆ ವೂಲ್ ಬೇಕೇ ಬೇಕು, ಅದು ಕೊಳೆಯನ್ನು ಹಿಡಿದು ಕಾಲಮ್ ಕಾಪಾಡುತ್ತದೆ. ಆದರೆ ಅದು ಕಾರ್ಖಾನೆಯಲ್ಲೇ ನಿಗದಿತ ಜಾಗದಲ್ಲಿ ಕೂರಿಸಿ ನಿಷ್ಕ್ರಿಯಗೊಳಿಸಿದ ಲೈನರ್ ಆಗಿರಲಿ. ಲೈನರ್ ತೆಗೆದಾಗಲೆಲ್ಲ ಅದರ ಒ-ರಿಂಗ್ ಬದಲಾಯಿಸಿ, ಕೆಳಗಿನ ಗೋಲ್ಡ್ ಸೀಲ್ (ಇನ್ಲೆಟ್ ತಳದ ಲೋಹದ ಬಿಲ್ಲೆ) ಮೇಲೆ ಕಂದು ಉಂಗುರ ಬಿದ್ದಿದ್ದರೆ ಅದನ್ನೂ ಬದಲಾಯಿಸಿ.

ಸ್ಪ್ಲಿಟ್‌ಲೆಸ್ ವಿಧಾನದವರು, ಅಂದರೆ ಆವಿಯನ್ನು ಹೊರಬಿಡದೆ ಬಹುಪಾಲು ಕಾಲಮ್‌ಗೇ ಕಳಿಸುವವರು, ಲೈನರ್‌ನ ಗಾತ್ರವನ್ನೂ ಲೆಕ್ಕ ಹಾಕಬೇಕು. 1 ಮೈಕ್ರೋಲೀಟರ್ ಹೆಕ್ಸೇನ್ 250 ಡಿಗ್ರಿಯಲ್ಲಿ, 10 ಪಿಎಸ್‌ಐ ಗೇಜ್ ಒತ್ತಡದಲ್ಲಿ ಸುಮಾರು 195 ಮೈಕ್ರೋಲೀಟರ್ ಆವಿಯಾಗುತ್ತದೆ. ಅಷ್ಟೇ ಅಸಿಟೋನೈಟ್ರೈಲ್ ಸುಮಾರು 490, ಮೆಥನಾಲ್ ಸುಮಾರು 630. ಒಳವ್ಯಾಸ 4 ಮಿಲಿಮೀಟರ್, ಉದ್ದ 78.5 ಮಿಲಿಮೀಟರ್ ಇರುವ ಲೈನರ್‌ನ ಒಟ್ಟು ಜಾಗವೇ 1000 ಮೈಕ್ರೋಲೀಟರ್‌ಗಿಂತ ತುಸು ಕಡಿಮೆ. ಅಲ್ಲಿ 2 ಮೈಕ್ರೋಲೀಟರ್ ಅಸಿಟೋನೈಟ್ರೈಲ್ ಹಾಕಿದರೆ ಆವಿ ಉಕ್ಕಿ ಸೆಪ್ಟಮ್ ಪರ್ಜ್ ಮತ್ತು ಅನಿಲ ಬರುವ ಕೊಳವೆಗಳಿಗೆ ನುಗ್ಗುತ್ತದೆ, ಜೊತೆಗೆ ಜಿಡ್ಡನ್ನೂ ಒಯ್ಯುತ್ತದೆ. ಆ ಕೊಳವೆಗಳನ್ನು ಲೈನರ್ ಬದಲಾಯಿಸಿ ಶುಚಿ ಮಾಡಲಾಗದು.

ಹೆಚ್ಚಿನವರು ಮರೆಯುವ ಜಾಗ ಸ್ಪ್ಲಿಟ್ ವೆಂಟ್. ಸ್ಪ್ಲಿಟ್ ಅನುಪಾತ 1:50 ಆಗಿದ್ದರೆ ಆವಿಯಾದ ವಸ್ತುವಿನ ಬಹುಪಾಲು ಹೋಗುವುದು ಕಾಲಮ್‌ಗಲ್ಲ, ಈ ಕೊಳವೆಗೆ. ತಣ್ಣಗಿನ ಭಾಗ ತಲುಪಿದ ಕೂಡಲೇ ಭಾರದ ಎಸ್ಟರ್‌ಗಳು ಅಲ್ಲಿ ಹೆಪ್ಪುಗಟ್ಟುತ್ತವೆ. ಕೈಯಿಂದ ಹರಿವು ಹೊಂದಿಸುವ ಹಳೆಯ ಉಪಕರಣಗಳಲ್ಲಿ ಕೊಳವೆ ಕಟ್ಟಿದಂತೆ ಸ್ಪ್ಲಿಟ್ ಹರಿವು ಕುಗ್ಗಿ, ಕಾಲಮ್‌ಗೆ ಹೆಚ್ಚು ಪಾಲು ಹೋಗಿ, ಏರಿಯಾಗಳು ಏರುತ್ತವೆ. ವಿದ್ಯುನ್ಮಾನ ಒತ್ತಡ ನಿಯಂತ್ರಣವಿರುವ ಹೊಸ ಉಪಕರಣಗಳು ಕವಾಟವನ್ನು ಇನ್ನಷ್ಟು ತೆರೆದು ಸ್ವಲ್ಪ ಕಾಲ ಸಂಭಾಳಿಸುತ್ತವೆ. ಆಮೇಲೆ ಒತ್ತಡ ನಿಗದಿಪಡಿಸಿದ ಮಟ್ಟಕ್ಕೆ ಇಳಿಯುವುದೇ ಇಲ್ಲ, ಉಪಕರಣ ಸಿದ್ಧವೆಂದು ತೋರಿಸಲು ತಡಮಾಡುತ್ತದೆ, ಪೀಕ್‌ಗಳು ತುಸು ಬೇಗ ಬರತೊಡಗುತ್ತವೆ. ವೆಂಟ್‌ನಲ್ಲಿ ಹರಿವು ಮಾಪಕ ಹಿಡಿದು ಪರದೆಯ ಅಂಕಿಯೊಂದಿಗೆ ಹೋಲಿಸುವುದು ತಿಂಗಳಿಗೊಮ್ಮೆಯಾದರೂ ಆಗಬೇಕು. ಹೊರಬರುವ ಹರಿವು ಕಡಿಮೆಯಿದ್ದರೆ ಎಲ್ಲೋ ಸೋರುತ್ತಿದೆ; ಸೋರಿಕೆ ಹುಡುಕಲು ಎಲೆಕ್ಟ್ರಾನಿಕ್ ಸಾಧನ ಬಳಸಿ, ಸಾಬೂನು ನೀರು ಹಚ್ಚಬೇಡಿ, ಅದು ಒಳಕ್ಕೆ ಸೇರುತ್ತದೆ.

ಇನ್ಲೆಟ್ ಭಾರದ ವಸ್ತುಗಳನ್ನು ತಾರತಮ್ಯವಿಲ್ಲದೆ ಒಯ್ಯುತ್ತಿದೆಯೇ ಎಂದು ತಿಳಿಯಲು ಖನಿಜ ತೈಲದವರಿಂದ ಒಂದು ಉಪಾಯ ಎರವಲು ಪಡೆಯಬಹುದು. ನೀರಿನಲ್ಲಿನ ತೈಲ ಅಳೆಯುವ ಐಎಸ್‌ಒ 9377-2 ವಿಧಾನದಲ್ಲಿ 40 ಇಂಗಾಲದ ಆಲ್ಕೇನ್‌ನ ಪ್ರತಿಕ್ರಿಯೆ 20 ಇಂಗಾಲದ್ದರ 0.8ಕ್ಕಿಂತ ಕಡಿಮೆಯಿರಬಾರದು. ಸಯನೋಪ್ರೊಪೈಲ್ ಕಾಲಮ್‌ನಲ್ಲಿ ಈ ಆಲ್ಕೇನ್‌ಗಳನ್ನು ಓಡಿಸುವ ಬದಲು, 24 ಇಂಗಾಲದ ಎಸ್ಟರ್ ಮತ್ತು 16 ಇಂಗಾಲದ ಎಸ್ಟರ್‌ಗಳ ಏರಿಯಾ ಅನುಪಾತವನ್ನು ಹೊಸ ಲೈನರ್ ಹಾಕಿದ ದಿನ ಅಳೆದು, ಅದನ್ನೇ ನಿಮ್ಮ ಅಳತೆಗೋಲು ಮಾಡಿಕೊಳ್ಳಿ.

ಕಾಲಮ್‌ನ ತಲೆ

ನಮ್ಮ ಉದಾಹರಣೆಯಲ್ಲಿ ಹೊಸ ಲೈನರ್ ಹಾಕಿದ ಮೇಲೆ ಲಿಗ್ನೊಸೆರೇಟ್ 81ರಿಂದ 95ಕ್ಕೆ ಏರಿತು ಎನ್ನೋಣ. ಉಳಿದ 5 ಎಲ್ಲಿ? ಪೀಕ್‌ಗಳ ಬಾಲ ಉದ್ದವಾಗಿದ್ದರೆ ಕಾಲಮ್‌ನ ಮೊದಲ ಗೇಣಿನಲ್ಲಿ ಕೊಬ್ಬು ಮೆತ್ತಿಕೊಂಡಿದೆ. 30ರಿಂದ 50 ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ. 100 ಮೀಟರ್ ಕಾಲಮ್‌ಗೆ ಇದು ಲೆಕ್ಕಕ್ಕಿಲ್ಲದ ನಷ್ಟ. ಫೆರೂಲ್ (ಕಾಲಮ್ ಸುತ್ತ ಕೂತು ಸೋರಿಕೆ ತಡೆಯುವ ಉಂಗುರ) ಅನ್ನು ಮೊದಲು ತೂರಿಸಿ, ಆಮೇಲೆ ಕತ್ತರಿಸಿ; ಮೊದಲೇ ಕತ್ತರಿಸಿದರೆ ಫೆರೂಲ್‌ನ ಪುಡಿ ಕೊಳವೆಯ ಬಾಯಿಗೆ ಹೋಗುತ್ತದೆ. ಕತ್ತರಿಸಿದ ಅಂಚು ನೇರವಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ತಯಾರಕರು ಹೇಳಿದ ಆಳಕ್ಕೇ ಕೂರಿಸಿ. ಆಳ ಕೆಲವು ಮಿಲಿಮೀಟರ್ ಬದಲಾದರೂ ಏರಿಯಾ ಬದಲಾಗುತ್ತದೆ, ಅದನ್ನು ಹೊಸ ಜಾರುವಿಕೆ ಎಂದು ತಪ್ಪು ತಿಳಿಯುವವರಿದ್ದಾರೆ. ವೆಸ್ಪೆಲ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬೆರೆತ ಫೆರೂಲ್‌ಗಳು ಮೊದಲ ಕೆಲವು ಬಿಸಿ–ತಣಿವಿನ ಸುತ್ತುಗಳಲ್ಲಿ ಕುಗ್ಗುವುದರಿಂದ ಮರುದಿನ ನಟ್ ಅನ್ನು ಮತ್ತೊಮ್ಮೆ ಬಿಗಿಮಾಡಬೇಕು.

ರಾತ್ರಿಯಿಡೀ ಹೆಚ್ಚಿನ ಶಾಖದಲ್ಲಿ ಬೇಯಿಸಿದರೆ ಕಾಲಮ್ ಶುಚಿಯಾಗುತ್ತದೆ ಎಂಬ ಸಲಹೆಯನ್ನು ಸಯನೋಪ್ರೊಪೈಲ್ ಕಾಲಮ್‌ಗೆ ಅನ್ವಯಿಸಬೇಡಿ. ಇವುಗಳ ಶಾಖದ ಮಿತಿ ಸಾಮಾನ್ಯವಾಗಿ 250 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಟ್ರೈಗ್ಲಿಸರೈಡ್ ಅಷ್ಟಕ್ಕೆ ಅಲುಗುವುದಿಲ್ಲ, ಕಾಲಮ್‌ನ ಲೇಪ ಮಾತ್ರ ಕರಗಿ ಡಿಟೆಕ್ಟರ್ ಕಡೆಗೆ ಹೊರಡುತ್ತದೆ. ಅದಕ್ಕಿಂತ ಕಾಲಮ್‌ನ ಮುಂದೆ ಲೇಪವಿಲ್ಲದ, ನಿಷ್ಕ್ರಿಯಗೊಳಿಸಿದ 2ರಿಂದ 5 ಮೀಟರ್ ಗಾರ್ಡ್ ಕಾಲಮ್ ಜೋಡಿಸಿ, ಕತ್ತರಿಸಬೇಕಾದಾಗ ಅದನ್ನೇ ಕತ್ತರಿಸುವುದು ಜಾಣತನ.

ಡಿಟೆಕ್ಟರ್

ಹಗುರದಿಂದ ಭಾರದವರೆಗೆ ಎಲ್ಲವೂ ಸಮನಾಗಿ ಇಳಿದು, ಹೊಸ ಸಿರಿಂಜ್ ಹಾಕಿದರೂ ಏಳದಿದ್ದಾಗ ಮಾತ್ರ ಇಲ್ಲಿಗೆ ಬನ್ನಿ. ಉರಿ ಆರಿಸಿ ಹರಿವುಗಳನ್ನು ಅಳೆಯಿರಿ: ಹೈಡ್ರೋಜನ್ ನಿಮಿಷಕ್ಕೆ 30ರಿಂದ 40 ಮಿಲಿಲೀಟರ್, ಗಾಳಿ ಅದರ ಸುಮಾರು ಹತ್ತುಪಟ್ಟು, ಮೇಕಪ್ ಅನಿಲ (ಡಿಟೆಕ್ಟರ್‌ಗೆ ಹೆಚ್ಚುವರಿಯಾಗಿ ಸೇರಿಸುವ ಅನಿಲ) 25ರಿಂದ 30. ಜೆಟ್‌ನ (ಉರಿ ಹೊತ್ತುವ ನಳಿಕೆ) ಬಾಯಲ್ಲಿ ಬಿಳಿ ಪುಡಿ ಕಂಡರೆ ಅದು ಕಾಲಮ್ ಲೇಪ ಉರಿದು ಉಳಿದ ಸಿಲಿಕಾ, ಕಪ್ಪಗಿದ್ದರೆ ಮಸಿ. ಡಿಟೆಕ್ಟರ್‌ನ ಶಾಖ ಓವನ್‌ನ ಗರಿಷ್ಠ ಶಾಖಕ್ಕಿಂತ ಮೇಲಿರಲಿ.

ಮೇಜಿನ ಮೇಲೆ ತಡೆಯುವುದು

ಉಪಕರಣದಲ್ಲಿ ಕೊಬ್ಬನ್ನು ಎದುರಿಸುವುದಕ್ಕಿಂತ ಅದನ್ನು ಅಲ್ಲಿಗೆ ಕಳಿಸದಿರುವುದು ಸುಲಭ, ಅಗ್ಗ. ಮೆಥನಾಲ್‌ನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ತಣ್ಣಗೆ ಎಸ್ಟರ್ ಮಾಡುವ ವಿಧಾನ ವೇಗವಾದದ್ದು, ಆದರೆ ಅದು ಮುಕ್ತ ಕೊಬ್ಬಿನಾಮ್ಲಗಳನ್ನು ಎಸ್ಟರ್ ಮಾಡುವುದಿಲ್ಲ, ಸಾಬೂನು ಮಾಡುತ್ತದೆ. ಪದೇ ಪದೇ ಕರಿದ ಎಣ್ಣೆ ಮತ್ತು ಹಳಸಿದ ಕೊಬ್ಬಿಗೆ ಬೋರಾನ್ ಟ್ರೈಫ್ಲೋರೈಡ್ ಅಥವಾ ಬೇರೆ ಆಮ್ಲೀಯ ವಿಧಾನ ಬೇಕು. ತಣ್ಣನೆಯ ವಿಧಾನ ಬಳಸಿದಾಗ ಮಿಕ್ಕ ಕ್ಷಾರವನ್ನು ಸೋಡಿಯಂ ಹೈಡ್ರೋಜನ್ ಸಲ್ಫೇಟ್‌ನಿಂದ ತಟಸ್ಥಗೊಳಿಸಿ, ಪದರಗಳು ಬೇರ್ಪಟ್ಟ ಮೇಲೆ ಮೇಲಿನದನ್ನು ಮಾತ್ರ ಬೇರೆ ವಯಲ್‌ಗೆ ತೆಗೆಯಿರಿ. ಎರಡು ಪದರವಿರುವ ಕೊಳವೆಯನ್ನೇ ಆಟೋಸ್ಯಾಂಪ್ಲರ್‌ಗೆ ಇಟ್ಟರೆ ಸೂಜಿ ಒಂದು ದಿನ ತಪ್ಪದೆ ಕೆಳಗಿನ ಗ್ಲಿಸರಾಲ್ ಪದರಕ್ಕೆ ಇಳಿಯುತ್ತದೆ, ಕ್ಷಾರ ಕಾಲಮ್‌ನ ಲೇಪವನ್ನು ತಿನ್ನುತ್ತದೆ.

ಎಸ್ಟರೀಕರಣ ಪೂರ್ತಿಯಾಯಿತೇ ಎಂಬುದನ್ನು ಊಹಿಸಬೇಡಿ, ತೆಳುಪದರ ಕ್ರೊಮ್ಯಾಟೋಗ್ರಫಿಯಲ್ಲಿ ನೋಡಿ. ಹೆಕ್ಸೇನ್, ಡೈಈಥೈಲ್ ಈಥರ್, ಅಸಿಟಿಕ್ ಆಮ್ಲಗಳನ್ನು 80:20:1ರಲ್ಲಿ ಬೆರೆಸಿ ಸಿಲಿಕಾ ಫಲಕ ಓಡಿಸಿ ಅಯೋಡಿನ್ ಆವಿಗೆ ಹಿಡಿದರೆ ಎಸ್ಟರ್ ಮೇಲೆ, ಟ್ರೈಗ್ಲಿಸರೈಡ್ ಅದರ ಕೆಳಗೆ, ಮುಕ್ತ ಆಮ್ಲ ಇನ್ನೂ ಕೆಳಗೆ ಕಾಣುತ್ತವೆ. ನಡುವಿನ ಚುಕ್ಕೆ ಕಂಡ ನಮೂನೆಯನ್ನು ಇಂಜೆಕ್ಟ್ ಮಾಡಬೇಡಿ. ಕೀಟನಾಶಕದ ಸಾರಗಳನ್ನು ರಾತ್ರಿಯಿಡೀ ಮೈನಸ್ 20 ಡಿಗ್ರಿಯಲ್ಲಿಟ್ಟು ಕೊಬ್ಬು ಗಟ್ಟಿಯಾದ ಮೇಲೆ ತಣ್ಣಗಿರುವಾಗಲೇ ಬೇರ್ಪಡಿಸಿ, ಆಮೇಲೆ ಸಿ18 ಮತ್ತು ಪಿಎಸ್‌ಎ ಪುಡಿಗಳಿಂದ ಶುದ್ಧೀಕರಿಸಬಹುದು; ಮೊದಲನೆಯದು ಕೊಬ್ಬನ್ನೂ ಎರಡನೆಯದು ಮುಕ್ತ ಆಮ್ಲಗಳನ್ನೂ ಹಿಡಿಯುತ್ತದೆ.

ಬದಲಾವಣೆಯ ಮಿತಿ ಗೊತ್ತುಪಡಿಸುವುದು

ಲೈನರ್ ಅನ್ನು ಎಷ್ಟು ದಿನಕ್ಕೆ ಬದಲಾಯಿಸಬೇಕೆಂದು ಕೇಳುವವರಿಗೆ ಎಲ್ಲರಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ಪ್ರತಿ ಹತ್ತು ನಮೂನೆಗೊಂದು ಸ್ಟ್ಯಾಂಡರ್ಡ್ ಹಾಕಿ, 24 ಮತ್ತು 16 ಇಂಗಾಲದ ಎಸ್ಟರ್‌ಗಳ ಅನುಪಾತ ಆರಂಭದ ಮಟ್ಟಕ್ಕಿಂತ ಶೇಕಡಾ 5 ಇಳಿಯುವುದು ಎಷ್ಟನೆಯ ಇಂಜೆಕ್ಷನ್‌ಗೆ ಎಂದು ಎರಡು ಮೂರು ಸುತ್ತು ಗಮನಿಸಿ. ಅದಕ್ಕಿಂತ ಸ್ವಲ್ಪ ಮುಂಚಿನ ಸಂಖ್ಯೆಯೇ ನಿಮ್ಮ ಪ್ರಯೋಗಾಲಯದ, ನಿಮ್ಮ ನಮೂನೆಯ ಮಿತಿ. ತುಪ್ಪಕ್ಕೆ ಒಂದು ಮಿತಿ, ಕರಿದ ಎಣ್ಣೆಗೆ ಬೇರೆ ಮಿತಿ ಬಂದರೆ ಅಚ್ಚರಿಯಿಲ್ಲ. ಅದನ್ನು ದಾಟಿದ ಸರಣಿಯ ನಮೂನೆಗಳನ್ನು ಕೊನೆಯ ಸರಿಯಾದ ಸ್ಟ್ಯಾಂಡರ್ಡ್‌ನಿಂದ ಈಚೆಗೆ ಮತ್ತೆ ಓಡಿಸಬೇಕು, ಲೆಕ್ಕದಲ್ಲಿ ತಿದ್ದಬಾರದು.

ತೆಗೆದ ಲೈನರ್‌ಗಳನ್ನು ಎಸೆಯುವ ಮುನ್ನ ಸಣ್ಣ ಕವರಿನಲ್ಲಿಟ್ಟು ದಿನಾಂಕ, ಇಂಜೆಕ್ಷನ್ ಸಂಖ್ಯೆ, ನಮೂನೆಯ ಬಗೆ ಬರೆದು ಕೆಲವು ತಿಂಗಳು ಇಟ್ಟುಕೊಳ್ಳಿ. ಕಲೆ ವೂಲ್‌ನ ಮೇಲ್ಭಾಗದಲ್ಲೇ ನಿಂತಿದ್ದರೆ ಲೈನರ್ ತನ್ನ ಕೆಲಸ ಮಾಡಿದೆ. ವೂಲ್‌ಗಿಂತ ಮೇಲೆ ಗಾಜಿನ ಗೋಡೆಗೆ ಸಿಡಿದಂತಿದ್ದರೆ ಆವಿ ಉಕ್ಕುತ್ತಿದೆ, ಇಂಜೆಕ್ಷನ್ ಪ್ರಮಾಣ ಇಳಿಸಿ. ವೂಲ್ ದಾಟಿ ಕೆಳಗಿನ ತುದಿಯವರೆಗೆ ಇಳಿದಿದ್ದರೆ ಬದಲಾವಣೆ ತಡವಾಗಿದೆ, ಕಾಲಮ್‌ನ ತಲೆಯನ್ನು ಅಂದೇ ಕತ್ತರಿಸಿ.